ಪುಕ್ಕಲಮ್ಮನ ಸಂಜೆಗಳು

ಬಾಟಲಿ ತೊಳೆಯುವ ಶೆಡ್ಡಿನಲ್ಲಿ ಹದಿನೆಂಟು ಹೆಂಗಸರಿಗೆ ಕೆಲಸ. ಖಾಲಿ ಬಾಟಲಿಗಳು ಲಾರಿ ತುಂಬ ಬಂದಿಳಿಯುತ್ತವೆ. ಮೊದಲು ಅವನ್ನು ಕಾಸ್ಟಿಕ್ ಸೋಡಾ ಕಲಸಿದ ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಬೇಕು. ಆಮೇಲೆ ಮೈಗಂಟಿದ ಲೇಬಲ್ಲು ಕೆರೆದು, ತಿರುಗುವ ಬ್ರಷ್ಷಿಗೆ ಕೊಟ್ಟು ಒಳಗಿನ ಜಿಡ್ಡು ತೆಗೆದು, ಎರಡು ಸಲ ತಿಳಿನೀರಿನಲ್ಲಿ ಜಾಲಿಸಬೇಕು. ಕೊನೆಗೆ ಗೋಡೆ ಪಕ್ಕದ ಉದ್ದ ಮೇಜು. ಬಿರುಕು ಬಿಟ್ಟ ಬಾಟಲಿಗಳನ್ನು ಆರಿಸಿ ಪಕ್ಕಕ್ಕೆ ಹಾಕುವುದು ಅಲ್ಲಿ. ಎಲ್ಲರೂ ಬಾಟಲಿಯನ್ನು ಬಲ್ಬಿನ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಒಬ್ಬಳು ಮಾತ್ರ ನೋಡುವುದೇ ಇಲ್ಲ. ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು, ಒಂದಕ್ಕೊಂದು ಮೆಲ್ಲಗೆ ತಾಗಿಸುತ್ತಾಳೆ. ಟಿಣ್ ಅಂದರೆ ಒಳ್ಳೆಯದು. ಟಪ್ ಅಂದರೆ ಎಲ್ಲೋ ಕೂದಲೆಳೆಯಷ್ಟು ಬಿರುಕಿದೆ. ಆ ಬಿರುಕು ಮಧ್ಯಾಹ್ನದ ಬಿಸಿಲಿಗೆ ಹಿಡಿದರೂ ಬೇರೆಯವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಬಿಸಿನೀರು ಸುರಿದ ತಕ್ಷಣ ಬಾಟಲಿ ಸರಿಯಾಗಿ ಅಲ್ಲೇ ಸೀಳುತ್ತದೆ.

"ಈಯಮ್ಮನ ಕಿವೀಲಿ ದೇವರೇ ಕೂತಿದಾನೆ," ಅನ್ನುತ್ತಿದ್ದ ಮೇಸ್ತ್ರಿ. ಆದರೆ ಆ ಹೆಂಗಸನ್ನು ಶೆಡ್ಡಿನಲ್ಲಿ ಕರೆಯುತ್ತಿದ್ದುದು ಮಾತ್ರ ಪುಕ್ಕಲಮ್ಮ ಅಂತಲೇ. ಬೆನ್ನು ಗೋಡೆಗೆ ತಾಗುವಂಥ ಜಾಗ ಬಿಟ್ಟು ಇನ್ನೆಲ್ಲೂ ಅವಳು ನಿಲ್ಲುತ್ತಿರಲಿಲ್ಲ. ಬಾಟಲಿ ತರಲೆಂದು ಅಲ್ಲಿಂದ ಈಚೆ ಬಂದಾಗ ಯಾರಾದರೂ ಹಿಂದಿನಿಂದ ಹೆಗಲು ಮುಟ್ಟಿದರೆ ಮುಗಿಯಿತು, ಕಿಟಾರನೆ ಕಿರುಚಿ ಕೈಯಲ್ಲಿದ್ದುದನ್ನು ಬಿಡುತ್ತಿದ್ದಳು. ಹಿಂದೆ ಕೆಲವರು ಅದನ್ನು ನೋಡುವುದಕ್ಕೆಂದೇ ಮುಟ್ಟುತ್ತಿದ್ದರು. ಒಡೆದ ಬಾಟಲಿಗೆ ಯಾರು ಉತ್ತರ ಹೇಳುವುದು ಅಂತ ಮೇಸ್ತ್ರಿ ಗದರಿದ ಮೇಲೆ ಆ ಆಟ ನಿಂತಿತು. ಹೆಸರು ಉಳಿಯಿತು.

ಈ ಪುಕ್ಕಲಮ್ಮನಿಗೆ ಒಬ್ಬ ಸೊಸೆ. ಇಪ್ಪತ್ತೆರಡರ ಹುಡುಗಿ, ಬಾಯಿ ಜೋರು, ನಗು ಅದಕ್ಕಿಂತ ಜೋರು. ಅವಳೂ ಅದೇ ಶೆಡ್ಡಿನಲ್ಲಿ ಲೇಬಲ್ಲು ಕೆರೆಯುವ ಕೆಲಸಕ್ಕೆ ಸೇರಿದ್ದಳು. ಅತ್ತೆಯ ಹೆಸರು ಹಿಡಿದು ಯಾರಾದರೂ ನಕ್ಕಾಗ ತಲೆ ತಗ್ಗಿಸಿ ಇನ್ನೂ ಜೋರಾಗಿ ಕೆರೆಯುತ್ತಿದ್ದಳು. ನಿಜ ಹೇಳಬೇಕೆಂದರೆ, ಮೊದಲ ವರ್ಷ ಅವಳಿಗೆ ಅತ್ತೆಯನ್ನು ಕಂಡರೆ ನಾಚಿಕೆಯೇ ಆಗುತ್ತಿತ್ತು.

ಮದುವೆಯಾಗಿ ಬಂದ ಮೊದಲ ವಾರದಲ್ಲೇ ಅವಳಿಗೊಂದು ಒಗಟು ಎದುರಾಗಿತ್ತು. ಗೋಡೆಗೆ ಗೋಡೆ ಅಂಟಿದ ಸಾಲುಮನೆ, ಮುಂದೊಂದು ಕೋಣೆ, ಹಿಂದೆ ಅಡುಗೆಗೆ ಅಂಗೈಯಗಲ ಜಾಗ. ಅಷ್ಟರಲ್ಲಿ ವಸ್ತು ಕಳೆದುಹೋಗುವುದಾದರೂ ಎಲ್ಲಿ? ಆದರೂ ದಿನಾ ಸಂಜೆ ಲಟ್ಟಣಿಗೆ ಮಾಯ. ಲಟ್ಟಣಿಗೆ ಮಾತ್ರವಲ್ಲ, ಕಬ್ಬಿಣದ ಬಾಣಲೆ, ಚಾಕು, ಇಸ್ತ್ರಿ ಪೆಟ್ಟಿಗೆ, ಗಂಡನ ಬೆಲ್ಟು ಕೂಡ. ಬೆಳಗ್ಗೆ ನೋಡಿದರೆ ಎಲ್ಲವೂ ತಂತಮ್ಮ ಜಾಗದಲ್ಲಿ ಸಾಧುವಾಗಿ ಕೂತಿರುತ್ತಿದ್ದವು. ನಾಲ್ಕನೇ ದಿನ ಅಕ್ಕಿ ಡಬ್ಬಿಗೆ ಕೈ ಹಾಕಿದಾಗ ಚಾಕುವಿನ ಹಿಡಿ ಸಿಕ್ಕಿತು. ಎಳೆದರೆ ಲಟ್ಟಣಿಗೆ ಬಂತು, ಅದರ ಹಿಂದೆ ಬೆಲ್ಟು, ಬಾವಿಯಿಂದ ಹಗ್ಗ ಎಳೆದಂತೆ.

"ಏನ್ರೀ ಇದು? ನಿಮ್ಮಮ್ಮ ಅಕ್ಕಿ ಜೊತೆ ಬೆಲ್ಟೂ ಬೇಯಿಸ್ತಾರಾ?" ಅಂತ ಗಂಡನನ್ನು ಕೇಳಿದಳು.

ಗಂಡ ಸೈಕಲ್ ರಿಪೇರಿ ಮಾಡುವವನು, ಮೆತ್ತನೆಯ ಮನುಷ್ಯ. ಅವನು ನಗಲಿಲ್ಲ. "ಅಮ್ಮ ಮೊದಲಿಂದಲೂ ಹಾಗೇನೇ. ಬಿಡು," ಅಂದ. ಕೈಯ ಎಣ್ಣೆ ಒರೆಸಿಕೊಳ್ಳುತ್ತ, "ಸಂಜೆ ಹೊತ್ತು ಅವಳಿಗೆ ಯಾರೂ ಎದುರಿಗಿರಬಾರದು. ನಾವು ಚಿಕ್ಕವರಿದ್ದಾಗ್ಲೂ ಅಷ್ಟೆ, ಅಕ್ಕನ್ನೂ ನನ್ನೂ ಹೊರಗೆ ಓಡಿಸಿಬಿಡ್ತಿದ್ಲು. ಒಂದ್ಸಲ ಪರಕೆ ಹಿಡ್ಕೊಂಡು ಬೀದಿ ತನಕ ಅಟ್ಟಿಸ್ಕೊಂಡು ಬಂದಿದ್ಲು. ಮಕ್ಕಳಂದ್ರೆ ಅಷ್ಟಕ್ಕಷ್ಟೆ ಅವಳಿಗೆ," ಅಂದ. ಹಾಗೆ ಹೇಳುವಾಗ ಅವನ ಮುಖ ಒಂಬತ್ತು ವರ್ಷದ ಹುಡುಗನ ಮುಖದಂತಾದುದನ್ನು ಅವಳು ಕಂಡಳು. ಮತ್ತೆ ಕೇಳಲಿಲ್ಲ.

ಮಾವ ಸತ್ತು ಆಗಲೇ ನಾಲ್ಕು ವರ್ಷವಾಗಿತ್ತು. ಗಿರಣಿಯ ಗೇಟಿನಲ್ಲಿ ಕಾವಲು ಕೆಲಸ ಮಾಡುತ್ತಿದ್ದವನು. ಬೀದಿಯಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಓಡಿಬರುತ್ತಿದ್ದನಂತೆ. ಅವನ ಸುದ್ದಿ ತೆಗೆದರೆ ಜನ ಈಗಲೂ "ಒಳ್ಳೆ ಮನುಷ್ಯ, ಸ್ವಲ್ಪ ಮುಂಗೋಪಿ" ಅನ್ನುತ್ತಿದ್ದರು. ಅತ್ತೆಯ ಬಗ್ಗೆ ಕೇಳಿದರೆ, "ಅವಳಿಗೇನಮ್ಮ, ಮಗ ದುಡೀತಾನೆ, ಸೊಸೆ ಬಂದಿದಾಳೆ, ಹೊಡೆಯೋನೂ ಇಲ್ಲ ಬಡಿಯೋನೂ ಇಲ್ಲ. ಸುಖವಾಗಿರೋಕೇನು ದಾಡಿ?" ಅನ್ನುತ್ತಿದ್ದರು. ಸುಖವಾಗಿರಬೇಕಾದ ಅತ್ತೆ ವಾರಕ್ಕೆ ನಾಲ್ಕು ದಿನ ತಲೆನೋವು ಅಂತ ಹಣೆಗೆ ಬಟ್ಟೆ ಕಟ್ಟಿಕೊಂಡು ಕೂರುತ್ತಿದ್ದಳು. ಗಿರಣಿಯ ಐದೂವರೆಯ ಸೈರನ್ನು ಕೂಗಿದರೆ ಸಾಕು, ಬೆರಳುಗಳು ನಡುಗುವುದಕ್ಕೆ ಶುರು. ಲಟ್ಟಣಿಗೆ, ಚಾಕು ಎಲ್ಲ ಡಬ್ಬಿಗೆ ಇಳಿಯುತ್ತಿದ್ದುದು ಅದೇ ಹೊತ್ತಿಗೆ. ಆಮೇಲೆ ಬಾಗಿಲಿಗೆ ಎದುರಾಗಿ, ಗೋಡೆಗೆ ಬೆನ್ನು ಕೊಟ್ಟು ಕೂತಳೆಂದರೆ ದೀಪ ಹಚ್ಚಿ ಬಹಳ ಹೊತ್ತಾಗುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ಇದ್ದೂ ಇಲ್ಲದ ಹಾಗೆ.

"ನಾಟಕ," ಅಂದುಕೊಂಡಿದ್ದಳು ಸೊಸೆ. ಒಮ್ಮೊಮ್ಮೆ, "ತಲೆ ಸರಿಯಿಲ್ಲ," ಅಂತಲೂ.

ಅದೊಂದು ದಿನ ಶೆಡ್ಡಿನಲ್ಲಿ ಲಾರಿಯಿಂದ ಇಳಿಸುತ್ತಿದ್ದ ಕ್ರೇಟು ಕೈಜಾರಿ, ಸರಿಯಾಗಿ ಉದ್ದ ಮೇಜಿನ ಪಕ್ಕಕ್ಕೆ ಬಿತ್ತು. ಇಪ್ಪತ್ತನಾಲ್ಕು ಬಾಟಲಿ ಒಟ್ಟಿಗೆ ಚೂರಾದ ಸದ್ದಿಗೆ ಎಲ್ಲರೂ ಬೆಚ್ಚಿದರು, ಬೆಚ್ಚಿದವರು ನಕ್ಕರು. ನಗು ನಿಂತಾಗ ನೋಡಿದರೆ ಅತ್ತೆ ಮೇಜಿನ ಹತ್ತಿರ ಇಲ್ಲ. ಹುಡುಕಿದರೆ ಮೇಜಿನ ಕೆಳಗೆ, ಗಾಜಿನ ಚೂರುಗಳ ಮೇಲೇ ಮಂಡಿಯೂರಿ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿ ಕೂತಿದ್ದಾಳೆ. "ಇಲ್ಲ, ಇಲ್ಲ, ಇನ್ಮೇಲೆ ಇಲ್ಲ," ಅಂತ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಾಳೆ. ಬಟ್ಟೆ ಒದ್ದೆಯಾಗಿತ್ತು. ಅದು ತೊಟ್ಟಿಯ ನೀರಲ್ಲ ಅಂತ ಎಲ್ಲರಿಗೂ ತಿಳಿಯಿತು. ಹಿಂದೆ ಯಾರೋ ಕಿಸಕ್ಕೆಂದರು.

ಸೊಸೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅತ್ತೆಯನ್ನು ಎಳೆದು ಎಬ್ಬಿಸಿ, ಮಂಡಿಯಿಂದ ಗಾಜು ತೆಗೆದು, ತನ್ನ ಶಾಲು ಸೊಂಟಕ್ಕೆ ಸುತ್ತಿದಳು. ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಕೆಟ್ಟವನೇನಲ್ಲ, ಆದರೆ ಮುಖ ಗಂಟಿಕ್ಕಿಕೊಂಡಿದ್ದ. "ಕರ್ಕೊಂಡು ಹೋಗಮ್ಮ. ಹುಷಾರಾದ್ಮೇಲೆ ಬರಲಿ. ಇಲ್ಲಿ ಗಾಜಿನ ಕೆಲಸ, ಹೆಚ್ಚು ಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ," ಅಂದ.

ಮರುದಿನ ಕೆಲಸ ತಪ್ಪಿಸಿ ಅತ್ತೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಒಳಗೆ ಕುಪ್ಪಿಗಳ ಕಪಾಟು, ತೂಕದ ಯಂತ್ರ, ಮೂರು ಕುರ್ಚಿ. ಅತ್ತೆ ಹತ್ತಿರದ ಎರಡನ್ನು ಬಿಟ್ಟು ಮೂಲೆಯ ಕುರ್ಚಿಗೆ ಹೋಗಿ ಕೂತಳು. ನರ್ಸು ನಡುವಯಸ್ಸಿನವಳು, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಸೊಸೆ ಹಿಂದಿನ ದಿನದ ಸಂಗತಿ, ಸಂಜೆಯ ನಡುಕ ಎಲ್ಲ ಹೇಳುವುದನ್ನು ಕೇಳುತ್ತ ಹಳೇ ಚೀಟಿಗಳನ್ನು ತಿರುವಿ ಹಾಕಿದಳು. ಎಲ್ಲದರಲ್ಲೂ ತಲೆನೋವು, ಎಲ್ಲದರಲ್ಲೂ ಅದೇ ಮಾತ್ರೆ. ಚೀಟಿ ಕೆಳಗಿಟ್ಟು ಅತ್ತೆ ಕೂತ ರೀತಿಯನ್ನು ನೋಡಿದಳು. ತನ್ನ ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗದಂತೆ ಸರಿಸಿಕೊಂಡಳು. ಆಮೇಲೆ, ಹೊಟ್ಟೆಗೆ ಏನು ತಿಂದಿರಿ ಅಂತ ಕೇಳುವಷ್ಟೇ ಸಲೀಸಾಗಿ ಕೇಳಿದಳು:

"ಅಮ್ಮಾ, ಮನೇಲಿ ನಿಮಗೆ ಯಾರಾದ್ರೂ ಹೊಡೀತಿದ್ರಾ?"

ಅಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಸೊಸೆ ಬಾಯಿ ಹಾಕಿದಳು. "ಮಾವ ಸ್ವಲ್ಪ ಮುಂಗೋಪಿ ಆಗಿದ್ರಂತೆ ಸಿಸ್ಟರ್. ಆದ್ರೆ ಅವರು ತೀರಿಹೋಗಿ ಆರು ವರ್ಷ ಆಯ್ತು."

"ಹೊಡೀತಿದ್ದ ಅಲ್ಲ," ಅಂದಳು ಅತ್ತೆ. ಕಣ್ಣು ತೂಕದ ಯಂತ್ರದ ಮೇಲಿತ್ತು. "ಹೊಡೀತಾನೆ. ದಿನಾ ಆರು ಗಂಟೆಗೆ."

"ಅತ್ತೆ, ಮಾವ ಸತ್ತುಹೋಗಿದಾರಲ್ಲ..."

"ಅವನು ಸತ್ತ ಕಣೇ. ಹೊಡೆತ ಸತ್ತಿಲ್ಲ."

ನರ್ಸು ಪೆನ್ನು ಕೆಳಗಿಟ್ಟಳು. ಹೊರಗೆ ಸಾಲು ಬೆಳೆಯುತ್ತಿತ್ತು. ಅವಳು ಎದ್ದು ಬಾಗಿಲನ್ನು ಅರ್ಧ ಮುಂದೆ ಮಾಡಿ ಬಂದು ಕೂತಳು.

ಅತ್ತೆ ಅಂದು ಹೇಳಿದ್ದು ಕಥೆಯ ಹಾಗಿರಲಿಲ್ಲ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ನಿಂತಷ್ಟು ಅಂತರ. ಐದೂವರೆಗೆ ಸೈರನ್ನು. ಆರಕ್ಕೆ ಅವನು ಬೀದಿಯ ತಿರುವಿಗೆ. ಅಲ್ಲಿಂದ ಮನೆಗೆ ನೂರಾಹತ್ತು ಹೆಜ್ಜೆ. ಬೂಟು ನೆಲಕ್ಕೆ ಉಜ್ಜಿದರೆ ಕುಡಿದಿದ್ದಾನೆ. ಪಟಪಟ ಅಂದರೆ ಗೇಟಿನಲ್ಲಿ ಯಾರೋ ಅವಮಾನ ಮಾಡಿದ್ದಾರೆ, ಅದು ಇನ್ನೂ ಕೆಟ್ಟದ್ದು. ನಡುವೆ ನಿಂತು ಯಾರ ಜೊತೆಗೋ ನಕ್ಕು ಮಾತಾಡಿದರೆ ಅದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಆ ನಗು ಬಾಗಿಲ ಹೊರಗೇ ಮುಗಿದುಹೋಗುತ್ತದೆ. ಚಿಲಕದ ಸದ್ದಿನಲ್ಲೇ ಇವತ್ತು ಕೈಯೋ ವಸ್ತುವೋ ಅಂತ ಗೊತ್ತಾಗುತ್ತಿತ್ತು. ವಸ್ತುವಾದರೆ ಅದು ಸಿಗದಂತೆ ಮಾಡಬೇಕು. ಒಮ್ಮೆ ಬಾಣಲೆ ಸಿಕ್ಕಿತ್ತು. ಅವತ್ತಿನಿಂದ ಎಡಗೈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ.

ಸೊಸೆ ಕೇಳುತ್ತ ಕೂತಿದ್ದಳು. ಶೆಡ್ಡಿನಲ್ಲಿ ಎಲ್ಲರೂ ಮೂಗಿನ ಮೇಲೆ ಬೆರಳಿಡುವ ಆ ಕಿವಿ ಎಲ್ಲಿ ತಯಾರಾಯಿತು ಅನ್ನುವುದು ಅವಳಿಗೆ ಆಗ ಹೊಳೆಯಿತು. ಇಪ್ಪತ್ತೆರಡು ವರ್ಷ, ದಿನಕ್ಕೆ ನೂರಾಹತ್ತು ಹೆಜ್ಜೆ.

"ಯಾರಿಗೂ ಹೇಳಲಿಲ್ವಾ ಅಮ್ಮ?" ಅಂದಳು ನರ್ಸು.

"ಯಾರಿಗೆ ಹೇಳೋದು? ಊರಿಗೆ ಉಪಕಾರಿ, ಮನೆಗೆ ಮಾರಿ. ಊರು ಯಾರನ್ನ ನಂಬುತ್ತೆ? ಪಕ್ಕದ ಮನೆಯವರು ರೇಡಿಯೋ ಜೋರು ಮಾಡ್ತಿದ್ರು. ಎರಡು ಮಕ್ಕಳು, ಕೈಯಲ್ಲಿ ಕೆಲಸ ಇಲ್ಲ. ಎಲ್ಲಿಗೆ ಹೋಗ್ಲಿ?"

"ಮಕ್ಕಳು?"

ಅಲ್ಲಿ ಅತ್ತೆ ಮೊದಲ ಸಲ ತಲೆಯೆತ್ತಿದಳು. "ಮಕ್ಕಳು ನೋಡಿಲ್ಲ," ಅಂದಳು. ದನಿಯಲ್ಲಿ ಒಂದು ಬಗೆಯ ಬಿಗಿ ಇತ್ತು. ಹೆಮ್ಮೆ ಅಂತಲೂ ಅನ್ನಬಹುದು. "ಒಂದು ದಿನಾನೂ ನೋಡಿಲ್ಲ. ಸೈರನ್ ಕೂಗಿದ್ ತಕ್ಷಣ ಹಿಂದಿನ ಸಾಲಿನ ಟೈಲರಮ್ಮನ ಮನೆಗೆ ಓಡಿಸ್ತಿದ್ದೆ. ಬೈದು ಓಡಿಸ್ತಿದ್ದೆ. ಪ್ರೀತಿಯಿಂದ ಹೇಳಿದ್ರೆ ಹೋಗ್ತಿರಲಿಲ್ಲ, ಮಡಿಲಿಗೇ ಬರ್ತಿದ್ವು. ದೊಡ್ಡವರಾದ್ಮೇಲೆ ಮಗಳನ್ನ ಮದುವೆ ಮಾಡಿ ಕಳಿಸಿದೆ, ಮಗನ್ನ ರಾತ್ರಿ ತನಕ ಸೈಕಲ್ ಅಂಗಡೀಲಿ ಬಿಟ್ಟೆ. ಒಂದಿನ ಚಿಕ್ಕೋನು ಚೆಂಡು ಮರೆತೆ ಅಂತ ವಾಪಸ್ ಬಂದುಬಿಟ್ಟ. ಆಗಲೇ ತಿರುವಿನಲ್ಲಿ ಬೂಟಿನ ಸದ್ದು. ಏನು ಮಾಡ್ಲಿ? ಪರಕೆ ತಗೊಂಡು ಅಟ್ಟಿಸ್ಕೊಂಡು ಹೋದೆ."

ಸೊಸೆ ಕುರ್ಚಿಯ ಅಂಚು ಹಿಡಿದುಕೊಂಡಳು.

ನರ್ಸು ಹೇಳಿದಳು: "ಅಮ್ಮಾ, ನಿಮಗೆ ಹುಚ್ಚಿಲ್ಲ. ಕಳ್ಳ ಬಂದಾಗ ಬೊಗಳಲಿ ಅಂತ ಮನೇಲಿ ಒಂದು ನಾಯಿ ಇದೆ ಅಂದ್ಕೊಳ್ಳಿ. ಇಪ್ಪತ್ತೆರಡು ವರ್ಷ ನಿಮ್ಮನ್ನ, ನಿಮ್ಮ ಮಕ್ಕಳನ್ನ ಕಾಯ್ದಿರೋದು ಅದೇ. ಈಗ ಕಳ್ಳ ಸತ್ತಿದಾನೆ. ಆ ಸುದ್ದಿ ನಾಯಿಗೆ ಯಾರೂ ಹೇಳಿಲ್ಲ. ಅದಕ್ಕೇ ಬೊಗಳ್ತಾನೇ ಇದೆ. ಈ ತಲೆನೋವು, ನಡುಕ, ನಿನ್ನೆ ಆದದ್ದು, ಎಲ್ಲ ಅದೇ. ಇದೊಂದು ಕಾಯಿಲೆ. ವಾಸಿ ಮಾಡೋ ದಾರಿ ಇದೆ."

ಅತ್ತೆ ಯೋಚಿಸಿದಳು. "ನಾಯಿಗೆ ಹೇಳೋಕೆ ಎಷ್ಟು ದಿನ ಬೇಕು?"

"ಹಠಮಾರಿ ನಾಯಿ ಅಮ್ಮ. ತಿಂಗಳುಗಟ್ಟಲೆ ಬೇಕು."

ಅತ್ತೆಯನ್ನು ಮನೆಗೆ ಬಿಟ್ಟು ಸೊಸೆ ಒಬ್ಬಳೇ ಹಿಂದಿನ ಸಾಲಿಗೆ ಹೋದಳು. ಟೈಲರಮ್ಮ ಈಗ ಮುದುಕಿ, ಕಣ್ಣು ಮಂಜಾಗಿದ್ದರೂ ಗುಂಡಿ ಹೊಲಿಯುವುದನ್ನು ಬಿಟ್ಟಿರಲಿಲ್ಲ. ಕೇಳಿದ ತಕ್ಷಣ ಸೂಜಿ ನಿಲ್ಲಿಸಿದಳು. "ನನ್ನ ಕೈಲಿ ಆದದ್ದು ಅಷ್ಟೇ ಕಣಮ್ಮ. ಮಕ್ಕಳನ್ನ ಕೂರಿಸ್ಕೊಂಡು ಮಿಷನ್ ತುಳೀತಿದ್ದೆ, ಆ ಕಡೆ ಸದ್ದು ಕೇಳದಿರಲಿ ಅಂತ. ಹೊಲಿಯೋಕೆ ಬಟ್ಟೆ ಇಲ್ಲದ ದಿನಾನೂ ಖಾಲಿ ಮಿಷನ್ ತುಳೀತಿದ್ದೆ. ನಿಮ್ಮತ್ತೆ ಆಮೇಲೆ ಬಂದು ಕರ್ಕೊಂಡು ಹೋಗೋಳು. ಮುಖ ತೊಳ್ಕೊಂಡು, ತಲೆ ಬಾಚ್ಕೊಂಡು ಬರೋಳು. ದಿನಾನೂ. ಒಂದು ದಿನ ತಪ್ಪದೆ ತಲೆ ಬಾಚ್ಕೊಂಡು ಬರೋಳಮ್ಮ!"

ಸೊಸೆ ಎದ್ದು ಹೊರಟಳು. ಬೀದಿಯಲ್ಲಿ ಹಿಂದಿರುಗಿ ಬರುವಾಗ ಆ ನೂರಾಹತ್ತು ಹೆಜ್ಜೆಯ ದಾರಿಯನ್ನು ನೋಡುತ್ತ ಬಂದಳು. ದೊಡ್ಡವರ ಕಥೆಗಳಲ್ಲಿ ಧೈರ್ಯ ಅಂದರೆ ಎದ್ದು ನಿಲ್ಲುವುದು, ಎದುರು ಮಾತಾಡುವುದು ಅಂತ ಕೇಳಿ ಬೆಳೆದವಳು ಅವಳು. ದಿನಾ ಸಂಜೆ ಮಕ್ಕಳ ಪ್ರೀತಿಯನ್ನು ಕೈಯಾರೆ ಕಿತ್ತೊಗೆದು, ಅವರನ್ನು ಉಳಿಸಿ, ಆಮೇಲೆ ಮುಖ ತೊಳೆದು ತಲೆ ಬಾಚಿಕೊಂಡು ಕರೆತರಲು ಹೋಗುವುದಕ್ಕೆ ಏನನ್ನಬೇಕು ಅನ್ನುವುದು ಅವಳಿಗೆ ತಿಳಿಯಲಿಲ್ಲ. ಬೆಕ್ಕಸ ಬೆರಗಾಗಿ ನಡೆದಳು.

ಗಂಡನಿಗೆ ಆ ದಿನ ಹೇಳಲಾಗಲಿಲ್ಲ. ಮರುದಿನ ಅವನ ಅಂಗಡಿಗೇ ಹೋಗಿ, ಅವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರು ಹುಡುಕುತ್ತಿದ್ದಾಗ, ಪರಕೆಯ ಮಾತನ್ನು ಹೇಳಿದಳು. ಅವನು ಟ್ಯೂಬನ್ನು ನೀರಿನಿಂದ ತೆಗೆಯಲೇ ಇಲ್ಲ. ಗುಳ್ಳೆಗಳು ಏಳುತ್ತಲೇ ಇದ್ದವು. "ಅಪ್ಪ ಆಗೊಮ್ಮೆ ಈಗೊಮ್ಮೆ ಒಂದೇಟು ಹಾಕ್ತಾರೆ ಅಂತ ಗೊತ್ತಿತ್ತು. ದಿನಾ ಅಂತ..." ಅಂದ. ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಬಂದ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಅವನು ಎದುರಿಗೆ ಕೂತು ಮೊರದ ಇನ್ನೊಂದು ಅಂಚು ಹಿಡಿದ.

"ಯಾಕಮ್ಮ ಹೇಳಲಿಲ್ಲ? ಇಷ್ಟು ದಿನ ನಿನಗೆ ನಾವು ಬೇಡವಾಗಿದ್ವಿ ಅಂದ್ಕೊಂಡಿದ್ದೆ."

"ಹೇಳಿದ್ರೆ ಅಡ್ಡ ಬರ್ತಿದ್ದೆ," ಅಂದಳು ಅತ್ತೆ. "ಒಂಬತ್ತು ವರ್ಷ ನಿನಗೆ. ಒಂದು ಹೊಡೆತಕ್ಕೆ ತಡೀತಿರಲಿಲ್ಲ ನೀನು." ಆಮೇಲೆ ಮೊರದ ಕಡೆ ನೋಡಿ, "ಕಲ್ಲು ನಿನ್ನ ಕಡೆ ಬಂದಿದೆ, ತೆಗಿ," ಅಂದಳು. ಅವನು ತೆಗೆದ. ತಾಯಿ ಮಗ ಸೇರಿ ಆ ಅಕ್ಕಿಯನ್ನು ಮೂರು ಸಲ ಆರಿಸಿದರು. ಸೊಸೆ ಅಡುಗೆಯ ಮೂಲೆಯಲ್ಲಿ ನಿಂತು ಸದ್ದಿಲ್ಲದೆ ಅತ್ತಳು.

ವಾಸಿಯಾಗುವುದು ಅಂದುಕೊಂಡಷ್ಟು ನೇರ ದಾರಿಯಲ್ಲ. ದಿನಕ್ಕೊಂದು ಮಾತ್ರೆ, ವಾರಕ್ಕೊಂದು ಸಲ ಆರೋಗ್ಯ ಕೇಂದ್ರದ ಹಿಂದಿನ ಜಗಲಿಯಲ್ಲಿ ಏಳೆಂಟು ಹೆಂಗಸರ ಜೊತೆ ಕೂತು ಮಾತು. ಮೂರನೇ ವಾರ ಅತ್ತೆ, "ನಾನು ಹೋಗಲ್ಲ," ಅಂದುಬಿಟ್ಟಳು. "ಬಾಯಿ ಬಿಟ್ಟ ಮೇಲೆ ಜಾಸ್ತಿ ಆಗಿದೆ. ಮೊದಲು ಸಂಜೆ ಮಾತ್ರ ಬರ್ತಿದ್ದ, ಈಗ ಬೆಳಗ್ಗೇನೂ ಬರ್ತಾನೆ." ಎರಡು ವಾರ ಹೋಗಲಿಲ್ಲ. ಗಾಯ ತೊಳೆಯುವಾಗ ಉರಿಯುತ್ತದೆ, ಉರಿಯಿತೆಂದು ಅರ್ಧಕ್ಕೆ ಬಿಟ್ಟರೆ ಕೀವಾಗುತ್ತದೆ ಅಂತ ನರ್ಸೇ ಮನೆ ತನಕ ಬಂದು ಹೇಳಿ ಹೋದಳು. ಆರನೇ ವಾರ ಅತ್ತೆ ಯಾರೂ ಹೇಳದೆಯೇ ಚಪ್ಪಲಿ ಮೆಟ್ಟಿದಳು.

ನರ್ಸು ಒಂದು ಅಭ್ಯಾಸವನ್ನೂ ಕಲಿಸಿಕೊಟ್ಟಿದ್ದಳು. ಸೈರನ್ನು ಕೂಗಿ ನಡುಕ ಶುರುವಾದಾಗ ಎರಡೂ ಅಂಗಾಲು ನೆಲಕ್ಕೆ ಒತ್ತಿ ಕೂತು, ಕಣ್ಣಿಗೆ ಕಾಣುವ ಐದು ವಸ್ತು ಹೇಳಬೇಕು. ಆಗ ಮೈಗೆ ತಾನು ಎಲ್ಲಿದ್ದೇನೆ, ಯಾವ ಕಾಲದಲ್ಲಿದ್ದೇನೆ ಅನ್ನುವುದು ತಿಳಿಯುತ್ತದಂತೆ. ಸೊಸೆ ದಿನಾ ಎದುರಿಗೆ ಕೂರುತ್ತಿದ್ದಳು, ಮಗ್ಗಿ ಒಪ್ಪಿಸಿಕೊಳ್ಳುವ ಮೇಡಮ್ಮಿನ ಹಾಗೆ.

"ಏನು ಕಾಣ್ತಿದೆ ಅತ್ತೆ?"

ಮೊದಮೊದಲು ಉತ್ತರವೇ ಇಲ್ಲ. ಆಮೇಲೆ "ಬಾಗಿಲು" ಅನ್ನುವ ಒಂದೇ ಮಾತು. ತಿಂಗಳು ಕಳೆದ ಮೇಲೆ ಒಂದು ಸಂಜೆ, ಹಲ್ಲು ಕಟಕಟಿಸುತ್ತಿದ್ದರೂ ಅತ್ತೆ ಎಣಿಸಿದಳು:

"ಬಾಗಿಲು. ಕೊಡ. ನಿನ್ನ ಮುಖ. ಗೋಡೆ ಮೇಲೆ ಹಲ್ಲಿ."

"ನಾಲ್ಕಾಯ್ತು. ಇನ್ನೊಂದು?"

ಅತ್ತೆ ಹಲ್ಲಿಯನ್ನು ನೋಡಿದಳು, ಸೊಸೆಯನ್ನು ನೋಡಿದಳು. "ಎರಡರಲ್ಲಿ ಹಲ್ಲೀನೇ ಚಂದ ಇದೆ ಕಣೇ," ಅಂದಳು.

ಸೊಸೆ ಕಣ್ಣು ಕಣ್ಣು ಬಿಟ್ಟಳು. ಎರಡು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ತಮಾಷೆ ಅದು. ಆಮೇಲೆ ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಪಕ್ಕದ ಮನೆಯವರು ಏನಾಯಿತೋ ಅಂತ ಗೋಡೆ ತಟ್ಟಿದರು.

ಅಷ್ಟರಲ್ಲಿ ಶೆಡ್ಡಿನಲ್ಲಿ ಕಥೆ ಬೇರೆಯಾಗಿತ್ತು. ಅತ್ತೆ ಇಲ್ಲದ ಎರಡು ತಿಂಗಳಲ್ಲಿ ಬಿರುಕು ಬಿಟ್ಟ ಬಾಟಲಿಗಳು ಕಣ್ಣು ತಪ್ಪಿಸಿ ಹೋಗಿ, ಬಾಟಲಿ ತುಂಬುವ ಕಾರ್ಖಾನೆಯಲ್ಲಿ ಒಡೆದು, ಲಾರಿಗಟ್ಟಲೆ ವಾಪಸಾಗಿದ್ದವು. ಮೇಸ್ತ್ರಿ ಒಂದು ಬೆಳಗ್ಗೆ ಮನೆ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗೇ ನಿಂತ.

"ಬನ್ನಿ ಅಮ್ಮ ಕೆಲಸಕ್ಕೆ. ನಿಮ್ಮ ಜಾಗ ಹಾಗೇ ಇದೆ."

ಮೊದಲಿನ ಅತ್ತೆಯಾಗಿದ್ದರೆ ತಲೆ ತಗ್ಗಿಸಿ ಹಿಂದೆಯೇ ಹೋಗುತ್ತಿದ್ದಳು. ಈಗ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಬರ್ತೀನಿ. ಆದ್ರೆ ನನ್ನ ಹಿಂದಿನಿಂದ ಬರೋರು ಯಾರೇ ಆಗಲಿ, ದೂರದಿಂದ್ಲೇ ಒಂದು ಕೂಗು ಹಾಕಿ ಬರಬೇಕು. ಸದ್ದಿಲ್ಲದೆ ಯಾರೂ ಬರಬಾರದು. ನೀನೂ ಸೇರಿ," ಅಂದಳು.

"ಅಷ್ಟೇನಾ?" ಅಂದ ಮೇಸ್ತ್ರಿ.

"ಅಷ್ಟು ಸಿಕ್ಕಿದ್ರೆ ಸಾಕು. ಇಷ್ಟು ವರ್ಷ ಅಷ್ಟೂ ಸಿಕ್ಕಿರಲಿಲ್ಲ."

ಶೆಡ್ಡಿನವರು ಮೊದಲು ತಮಾಷೆಗೆ ಶುರು ಮಾಡಿದರು. "ಬರ್ತಾ ಇದೀನಿ ಕಣಮ್ಮೋ! ಸಾಬೂನು ತರ್ತಾ ಇದೀನಿ ಕಣಮ್ಮೋ!" ಅಂತ ರಾಗ ಎಳೆಯುತ್ತಿದ್ದರು. ಒಂದು ತಿಂಗಳಲ್ಲಿ ತಮಾಷೆ ಹೋಗಿ ಅಭ್ಯಾಸವಾಯಿತು. ಇನ್ನೊಂದು ತಿಂಗಳಲ್ಲಿ ಸೊಸೆ ಒಂದು ವಿಚಿತ್ರ ಗಮನಿಸಿದಳು. ಹೆಂಗಸರು ಅತ್ತೆಯ ಹಿಂದೆ ಬರುವಾಗ ಮಾತ್ರ ಅಲ್ಲ, ಯಾರ ಹಿಂದೆ ಬಂದರೂ ಕೂಗು ಹಾಕುತ್ತಿದ್ದರು. ಬ್ರಷ್ಷಿನ ಹತ್ತಿರ ನಿಲ್ಲುವ ದಪ್ಪನೆಯ ಹೆಂಗಸು, ಹಿಂದೆ ಎಲ್ಲರಿಗಿಂತ ಮೊದಲು ಅತ್ತೆಯ ಹೆಗಲು ಮುಟ್ಟಿ ನಗುತ್ತಿದ್ದವಳು, ಒಂದು ದಿನ ಸೊಸೆಯ ಕೈಯಿಂದ ಬಾಟಲಿ ತೆಗೆದುಕೊಳ್ಳುತ್ತ ತಾನಾಗಿಯೇ ಹೇಳಿದಳು: "ಈ ಕೂಗು ಬಂದ್ಮೇಲೆ ನಂಗೂ ಒಂಥರಾ ನಿರಾಳ ಕಣೇ. ನಮ್ಮನೇಲೂ..." ಅಷ್ಟು ಹೇಳಿ ಬಾಟಲಿ ಕಡೆ ತಿರುಗಿದಳು. ಮುಂದಿನ ವಾರ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಅವಳೂ ಕೂತಿದ್ದಳು, ಅತ್ತೆಯ ಪಕ್ಕದಲ್ಲಿ. ಅತ್ತೆ ಅವಳಿಗೆ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗೋಡೆ ಪಕ್ಕದ ತನ್ನ ಜಾಗ ಬಿಟ್ಟುಕೊಟ್ಟು, ತಾನು ಹೊರಗಿನ ಕಡೆ ಕೂತಳು. ಬೆನ್ನ ಹಿಂದೆ ಬರಿಯ ಗಾಳಿ. ಗಂಟೆ ಪೂರ್ತಿ ಹಾಗೇ ಕೂತಿದ್ದಳು. ಅದೇನು ಸುಲಭವೇ? ಕರೆದೊಯ್ಯಲು ಹೋದ ಸೊಸೆ ಅದನ್ನು ದೂರದಿಂದ ನೋಡಿ ಅಲ್ಲೇ ನಿಂತುಬಿಟ್ಟಳು.

ಮಳೆಗಾಲ ಮುಗಿದ ಮೇಲೆ ಒಂದು ದಿನ, ಸೈರನ್ನು ಕೂಗುವ ಹೊತ್ತಿಗೆ ಸರಿಯಾಗಿ, ಅತ್ತೆ ಎದ್ದು ನಿಂತಳು.

"ನಡಿ, ಹೊರಗೆ ಹೋಗೋಣ."

"ಈಗಲೇ ಅತ್ತೆ? ಈ ಹೊತ್ತಲ್ಲಾ?"

"ಈ ಹೊತ್ತಲ್ಲೇ. ಇಪ್ಪತ್ತೆಂಟು ವರ್ಷ ಆಯ್ತು ಈ ಬೀದೀಗೆ ಬಂದು. ಸಂಜೆ ಹೊತ್ತು ಅದು ಹೇಗಿರುತ್ತೆ ಅಂತ ನೋಡೇ ಇಲ್ಲ."

ಸೊಸೆ ದಂಗಾದಳು. ಹೌದಲ್ಲ! ಮನೆಯ ಮುಂದಿನ ಬೀದಿ, ಆದರೂ ಇಪ್ಪತ್ತೆಂಟು ವರ್ಷ ಆ ಹೊತ್ತಿನಲ್ಲಿ ಬರೀ ಸದ್ದಾಗಿತ್ತು ಅವಳಿಗೆ. ಇಬ್ಬರೂ ಹೊರಟರು. ಬಿಸಿಲು ಓರೆಯಾಗಿ ಎದುರು ಗೋಡೆಯ ಮೇಲೆ ಬಿದ್ದಿತ್ತು. ಮಕ್ಕಳು ಡಬ್ಬಿಯ ಮುಚ್ಚಳ ಒದ್ದು ಆಡುತ್ತಿದ್ದವು. ತರಕಾರಿಯವನು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ. ಕೆಲಸ ಬಿಟ್ಟ ಗಂಡಸರು ಗುಂಪಾಗಿ ಎದುರು ಬರುತ್ತಿದ್ದರು, ಬೂಟಿನ ಸದ್ದು ಮಾಡುತ್ತ. ಅತ್ತೆಯ ಕೈ ಸೊಸೆಯ ಮುಂಗೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿತ್ತು.

"ಕೈ ನಡುಗ್ತಿದೆ ಅತ್ತೆ. ವಾಪಸ್ ಹೋಗೋಣ್ವಾ?"

"ನಡುಗಲಿ ಬಿಡೇ. ಕೈ ನಡುಗಿದ್ರೆ ಏನಾಯ್ತು, ಕಾಲು ನಡೀತಾ ಇದೆಯಲ್ಲ."

ಬೀದಿಯ ತಿರುವಿನ ತನಕ ಹೋದರು. ಅಲ್ಲಿ ಅತ್ತೆ ನಿಂತು, ಹಿಂದಿರುಗಿ, ತನ್ನ ಮನೆಯ ಬಾಗಿಲನ್ನು ನೋಡಿದಳು. ಅವನು ದಿನಾ ನೋಡುತ್ತಿದ್ದ ಕಡೆಯಿಂದ. "ಎಷ್ಟು ಚಿಕ್ಕ ಬಾಗಿಲು!" ಅಂದಳು. ಬಹಳ ಹೊತ್ತು ನೋಡಿದಳು. ಸೊಸೆ ಗುಡಿಯೊಳಗೆ ನಿಂತವಳ ಹಾಗೆ ಅತ್ತೆಯ ಪಕ್ಕ ನಿಂತಿದ್ದಳು.

ಪೂರ್ತಿ ವಾಸಿಯಾಯಿತು ಅಂದರೆ ಸುಳ್ಳಾದೀತು. ತಲೆನೋವು ಈಗಲೂ ಬರುತ್ತದೆ, ಆದರೆ ವಾರಕ್ಕೆ ಒಂದು ದಿನ. ಕೆಲವು ಸಂಜೆ ಬಾಣಲೆ ಈಗಲೂ ಅಕ್ಕಿ ಡಬ್ಬಿ ಸೇರುತ್ತದೆ. ಸೊಸೆ ಏನೂ ಅನ್ನುವುದಿಲ್ಲ, ಬೆಳಗ್ಗೆ ತೆಗೆದು ಜಾಗಕ್ಕಿಡುತ್ತಾಳೆ. ಮಗ ದಿನಾ ಬೀದಿಯ ತಿರುವಿನಿಂದಲೇ ಸೈಕಲ್ ಬೆಲ್ಲು ಬಾರಿಸುತ್ತ ಬರುತ್ತಾನೆ. ಗರ್ಭಿಣಿಯಾಗಿರುವ ಸೊಸೆಗೆ ಅತ್ತೆ ಭಾರ ಎತ್ತಲು ಬಿಡುವುದಿಲ್ಲ, ಬೈಯುವುದನ್ನೂ ಬಿಡುವುದಿಲ್ಲ.

ಕಳೆದ ತಿಂಗಳು ಅತ್ತೆ ತನ್ನ ತಂಗಿಯ ಊರಿಗೆ ಹೋಗಿ ಬರುತ್ತೇನೆ ಅಂದಳು. ತಂಗಿಯ ಮುಖ ನೋಡಿ ಹದಿನೆಂಟು ವರ್ಷವಾಗಿತ್ತು. ಅವನಿದ್ದಾಗ ತವರಿನ ಹೆಸರೆತ್ತುವಂತಿರಲಿಲ್ಲ. ಸತ್ತ ಮೇಲೆ ಅವಳಿಗೇ ಮನೆ ಬಿಟ್ಟು ಹೊರಡುವ ಎದೆಯಿರಲಿಲ್ಲ. ಮಗ ಜೊತೆಗೆ ಬರುತ್ತೇನೆ ಅಂದರೂ ಬೇಡ ಅಂದಳು. ಬೆಳಗಿನ ಬಸ್ಸಿಗೆ ಸೊಸೆ ಹತ್ತಿಸಲು ಹೋದಳು. ಅತ್ತೆ ಕೊನೆಯ ಸಾಲಿನ ಸೀಟನ್ನು ಒಮ್ಮೆ ನೋಡಿ, ಅದನ್ನು ಬಿಟ್ಟು, ನಡುವಿನ ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಟಾಗ ಕೈ ಬೀಸಲಿಲ್ಲ, ಎರಡೂ ಕೈಯಿಂದ ಮುಂದಿನ ಸೀಟಿನ ಕಂಬಿ ಹಿಡಿದಿದ್ದಳು. ಆ ಮೂರು ದಿನ ಸೊಸೆಗೆ ಅನ್ನ ಸೇರಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಅತ್ತೆ ಬಂದಿಳಿದಳು. ಕೈಯಲ್ಲಿ ತಂಗಿ ಕೊಟ್ಟ ಹೂವಿನ ಗಿಡದ ಕುಂಡ, ಕಣ್ಣು ಕೆಂಪಗೆ, ಮುಖ ಬಾಡಿತ್ತು. ಸೊಸೆ ಓಡಿ ಎದುರು ಬಂದಳು.

"ಏನಾಯ್ತು ಅತ್ತೆ? ನಿದ್ದೆ ಬರಲಿಲ್ವಾ? ಮತ್ತೆ ಏನಾದ್ರೂ..."

"ಎಲ್ಲಿ ನಿದ್ದೆ!" ಅಂದಳು ಅತ್ತೆ, ಕುಂಡವನ್ನು ಅವಳ ಕೈಗೆ ಕೊಡುತ್ತ. "ಆ ನನ್ನ ತಂಗಿ ಇದಾಳಲ್ಲ, ಏನು ಗೊರಕೆ ಹೊಡೀತಾಳೆ ಅಂತೀಯಾ! ಮೂರು ರಾತ್ರಿ ರೆಪ್ಪೆ ಅಂಟಲಿಲ್ಲ ಕಣೇ. ಮುಂದಿನ ಸಲ ಅವಳ ಮೂಗಿಗೆ ಬಟ್ಟೆ ಕಟ್ಟಿ ಮಲಗಿಸ್ತೀನಿ."